ದಸರ ಓದುವವಳಿಗೆ ಅ ಆ ಇ ಈ ಬಾರದು

ನಮ್ಮ ಶಾಲೆಯಲ್ಲಿ ಒಂದನೆಯ ತರಗತಿಯ ಮಗು ಮೊದಲು ಕಲಿಯುವ ಅಕ್ಷರ ಅ ಅಲ್ಲ, ರ. ಅದರ ಬೆನ್ನಿಗೆ ಗ, ಸ, ದ. ಅ ಬರುವುದು ಐದನೆಯದಾಗಿ. ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ, ಅಂದರೆ ಕಾರ್ಡುಗಳ ಮೂಲಕ ಮಗು ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಪದ್ಧತಿಯ ತರಗತಿ ನಡೆಸುವವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಮನೆಯವರಿಗೆ ಮಾತ್ರ ಇದು ಅಷ್ಟು ಸುಲಭಕ್ಕೆ ಗಂಟಲಲ್ಲಿ ಇಳಿಯುವುದಿಲ್ಲ. ಹೋದ ವರ್ಷ ಗೌರಿಹಬ್ಬ ಮುಗಿದ ವಾರ ಊರಿನ ಹಿರಿಯರೊಬ್ಬರು ಇದನ್ನೇ ಕೇಳಲು ಶಾಲೆಗೆ ಬಂದರು. ಹೆಗಲ ಮೇಲೆ ಟವೆಲ್, ಕೈಯಲ್ಲಿ ಮೊಮ್ಮಗಳ ಸ್ಲೇಟು.

"ಮೇಷ್ಟ್ರೇ, ಶಾಲೆ ಶುರುವಾಗಿ ಮೂರು ತಿಂಗಳಾಯಿತು. ಅ ಆ ಇ ಈ ಹೇಳು ಅಂದರೆ ಕೂಸು ಬಾಯಿ ಬಿಡುವುದಿಲ್ಲ. ಪಕ್ಕದ ಮನೆಯ ಹುಡುಗ ವ್ಯಾನಿನಲ್ಲಿ ಕಾನ್ವೆಂಟಿಗೆ ಹೋಗಿ ಎ ಬಿ ಸಿ ಡಿ ಪೂರ್ತಿ ಒಪ್ಪಿಸುತ್ತಾನೆ. ನೀವು ಇಲ್ಲಿ ಏನು ಕಲಿಸುತ್ತೀರಿ?"

ವಿವರಿಸುತ್ತಾ ನಿಂತರೆ ಇಪ್ಪತ್ತನಾಲ್ಕು ಮಕ್ಕಳು ಕೈ ತಪ್ಪುತ್ತಾರೆ. "ಯಜಮಾನರೇ, ಬಿಸಿಯೂಟದವರೆಗೆ ಕುಳಿತು ನೋಡಿ, ಆಮೇಲೆ ಬೈಯಿರಿ" ಎಂದೆ. ನಮ್ಮ ಕೋಣೆಯಲ್ಲಿ ಬೆಂಚುಗಳಿಲ್ಲ. ಅವರು ಮಕ್ಕಳ ಚಿತ್ರಗಳನ್ನು ನೇತುಹಾಕಿದ ಚಪ್ಪರದ ಕೆಳಗೆ ಗೋಡೆಗೆ ಒರಗಿ ಕುಳಿತರು. ಗಾಳಿ ಬೀಸಿದಾಗಲೆಲ್ಲ ಒಂದು ಬಣ್ಣದ ಕೋಳಿ ಅವರ ತಲೆಗೆ ತಾಗುತ್ತಿತ್ತು. ಒಂದೆರಡು ಸಲ ಕೈಯಿಂದ ಸರಿಸಿದರು, ಆಮೇಲೆ ಬಿಟ್ಟುಬಿಟ್ಟರು.

ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಇರುತ್ತಾರೆ. ಹಾಡು, ಹಾಜರಿ, ಹವಾಮಾನ ನಕ್ಷೆ ಮುಗಿದ ಮೇಲೆ ಪ್ರತಿ ಮಗುವೂ ಪಾಠದ ಹಂತಗಳನ್ನು ಮೆಟ್ಟಿಲುಗಳಾಗಿ ತೋರಿಸುವ, ಗೋಡೆಯ ಮೇಲಿನ ಕಲಿಕಾ ಏಣಿಯ ಮುಂದೆ ನಿಂತು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ನೋಡಿಕೊಳ್ಳುತ್ತದೆ, ಆ ಮೆಟ್ಟಿಲಿನ ಕಾರ್ಡನ್ನು ತಾನೇ ಹುಡುಕಿ ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಹೊಸದನ್ನು ಕಲಿಯುವವರು ನನ್ನ ಸುತ್ತ. ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳುವವರು ಗೆಳೆಯರ ಜೊತೆ. ತಾವೇ ಮಾಡಬಲ್ಲವರು ಬೇರೆ. ಓದಿ ವಿವರಿಸಿದರೆ ಅಚ್ಚುಕಟ್ಟಾಗಿದೆ. ಕಣ್ಣಿಗೆ ಬೀಳುವುದು ಸಂತೆ. ಒಬ್ಬ ಕಾರ್ಡ್ ಸಿಗಲಿಲ್ಲ ಎಂದು ಅಳುತ್ತಾನೆ, ಇನ್ನೊಬ್ಬಳು ನಾಳೆಯ ಕಾರ್ಡನ್ನು ಇಂದೇ ಕದ್ದಿದ್ದಾಳೆ, ಮೂಲೆಯಲ್ಲಿ ಮಣಿ ಎಣಿಸುವವನು ಮಣಿಯನ್ನು ಮೂಗಿಗೆ ಹಾಕಿಕೊಳ್ಳುವ ಯೋಚನೆಯಲ್ಲಿದ್ದಾನೆ.

ಅವರ ಮೊಮ್ಮಗಳು ಆ ದಿನ ಗೆಳೆಯರ ಸಹಾಯದ ಗುಂಪಿನಲ್ಲಿದ್ದಳು. ಮೂರನೆಯ ತರಗತಿಯ ಹುಡುಗನೊಬ್ಬ ಮರಳಿನ ತಟ್ಟೆಯಲ್ಲಿ ದ ತೀಡಿಸುತ್ತಿದ್ದ. ಅವಳು ಬರೆದದ್ದೆಲ್ಲ ರ ಆಗುತ್ತಿತ್ತು. ಹುಡುಗ ತಪ್ಪು ಎನ್ನಲಿಲ್ಲ. ಮರಳು ಸವರಿ ತಾನೊಂದು ರ, ಪಕ್ಕದಲ್ಲಿ ಒಂದು ದ ಬರೆದು "ಇವೆರಡೂ ಒಂದೇನಾ?" ಎಂದ. ಅವಳು ತಲೆ ಓರೆ ಮಾಡಿ ನೋಡಿದಳು, ತಟ್ಟೆಯನ್ನೇ ತಿರುಗಿಸಿ ನೋಡಿದಳು. ಆಮೇಲೆ ಬೆರಳನ್ನು ದ ಮೇಲಿಟ್ಟು ನಿಧಾನವಾಗಿ ಹೋಗಿ, ವ್ಯತ್ಯಾಸ ಇರುವ ಕಡೆ ನಿಂತಳು. ಆ ಹುಡುಗನಿಗೆ ಇದನ್ನು ನಾನು ಹೇಳಿಕೊಟ್ಟದ್ದಲ್ಲ. ಎರಡು ವರ್ಷದ ಹಿಂದೆ ಅವನೂ ಇದೇ ತಟ್ಟೆಯಲ್ಲಿ ಇದೇ ದ ಜೊತೆ ಗುದ್ದಾಡಿದ್ದ.

"ಪಾಠ ಅವನೇ ಹೇಳಿದರೆ ಸಂಬಳ ನಿಮಗೆ ಯಾಕೆ ಮೇಷ್ಟ್ರೇ?" ಎಂದು ಗೋಡೆಯ ಕಡೆಯಿಂದ ಪ್ರಶ್ನೆ ಬಂತು. ಮಕ್ಕಳು ನಕ್ಕರು. ನಾನೂ ನಕ್ಕೆ, ಉತ್ತರ ಕೊಡಲಿಲ್ಲ. ಮುಂದಿನ ಎರಡು ಗಂಟೆ ಅವರು ನನ್ನ ಓಡಾಟ ನೋಡಿದರು. ನಿಂತಲ್ಲೇ ನಿಂತು ಪಾಠ ಒಪ್ಪಿಸುವುದಕ್ಕಿಂತ ಇದು ಎಷ್ಟು ಸುಸ್ತಿನ ಕೆಲಸ ಎಂದು ಮಾಡಿದವರಿಗೇ ಗೊತ್ತು. ಮಕ್ಕಳು ತಾವೇ ಕಲಿಯುತ್ತಾರೆ, ಮೇಷ್ಟ್ರು ಸುಮ್ಮನಿದ್ದರೆ ಸಾಕು ಎಂದು ಭಾಷಣ ಮಾಡುವವರನ್ನು ಒಂದು ದಿನ ಈ ಕೋಣೆಯಲ್ಲಿ ಬಿಡಬೇಕು.

ಊಟದ ಗಂಟೆಗೆ ಮೊದಲು ನಾನು ಕಪ್ಪುಹಲಗೆಯ ಮೇಲೆ 'ದಸರ' ಎಂದು ಬರೆದು ಅವಳನ್ನು ಕರೆದೆ. ಓದಿದಳು. 'ಗರಗಸ' ಓದಿದಳು. 'ಅರಸ' ಎಂಬುದನ್ನು ಒಂದೊಂದೇ ಅಕ್ಷರ ಹೇಳಿ, ಆಮೇಲೆ ಕೂಡಿಸಿ, ಅಜ್ಜನ ಕಡೆ ತಿರುಗಿದಳು. ಯಜಮಾನರು ಎದ್ದು ಹಲಗೆಯ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರು. "ಅ ಆ ಇ ಈ ಗೊತ್ತಿಲ್ಲದೆ ಇದು ಹೇಗೆ ಬಂತು?"

ಆಗ ಹೇಳಿದೆ. ವರ್ಣಮಾಲೆಯ ಕ್ರಮದಲ್ಲೇ ಹೋದರೆ ಮಗು 'ದಸರ' ಓದುವ ಮೊದಲೇ ಋ ಬಾಯಿಪಾಠ ಮಾಡಬೇಕು, ಙ ಞ ದಾಟಬೇಕು. ರ ಗ ಸ ದ ಅ ಎಂಬ ಐದೇ ಅಕ್ಷರಗಳಲ್ಲಿ ಹತ್ತಾರು ಪದಗಳಿವೆ, ಅವುಗಳ ಆಕಾರವೂ ಒಂದಕ್ಕೊಂದು ಹತ್ತಿರ. ಮುಂದೆ ಜ ವ ಮ ಬ ನ ಬಂದರೆ ಮರ, ಜನ, ಬಸವ ಎಲ್ಲ ಬಂದ ಹಾಗೆ. ವರ್ಣಮಾಲೆ ಕೊನೆಗೆ ಬಂದೇ ಬರುತ್ತದೆ, ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನೊಂದನ್ನೂ ಹೇಳಿದೆ, ಅದು ಅವರಿಗೆ ಹೆಚ್ಚು ನಾಟಿತು. ನಲಿ-ಕಲಿ ಹುಟ್ಟಿದ್ದು ದೂರದಲ್ಲೆಲ್ಲೂ ಅಲ್ಲ, 1995ರಲ್ಲಿ ನಮ್ಮದೇ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ನಮ್ಮ ಸರಗೂರು ಆಗ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ, ಅದರಲ್ಲೇ ಸೇರಿತ್ತು. ಇಲ್ಲಿನ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಬಳಿಯ ಋಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳ ಕಾರ್ಡು, ಏಣಿಗಳನ್ನು ನೋಡಿ ಬಂದರು. ಯುನಿಸೆಫ್ ನೆರವಿತ್ತು. ಹಾಡು, ಕಾರ್ಡುಗಳನ್ನು ಮೇಷ್ಟ್ರುಗಳೇ ಕುಳಿತು ಕನ್ನಡದಲ್ಲಿ ಹೊಸದಾಗಿ ಕಟ್ಟಿದರು. ನಮ್ಮ ಕಡೆಯ ಮಕ್ಕಳು ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ಬಿಡುತ್ತಿದ್ದರು, ಅಪ್ಪ ಅಮ್ಮನ ಜೊತೆ ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗುತ್ತಿದ್ದರು. ವಾಪಸು ಬರುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತಿತ್ತು, ಮಗು ಹಿಂದಿನ ಬೆಂಚಿಗೆ ಹೋಗುತ್ತಿತ್ತು, ಆಮೇಲೆ ಶಾಲೆಯಿಂದಲೇ ಹೋಗುತ್ತಿತ್ತು. ಏಣಿಯ ಪದ್ಧತಿಯಲ್ಲಿ ಆ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. 2009-10ರ ಹೊತ್ತಿಗೆ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು.

"ಕೊಯ್ಲಿಗೆ ಹೋಗಿಯೇ ನನ್ನ ಓದು ಎರಡನೇ ಕ್ಲಾಸಿಗೆ ನಿಂತದ್ದು" ಎಂದರು ಯಜಮಾನರು. ಮಕ್ಕಳ ಸಾಲಿನಲ್ಲೇ ಕುಳಿತು ಅನ್ನ ಸಾರು ಉಂಡರು.

ಹರಡಿದ ಮೇಲೆ ಏನಾಯಿತು ಎಂಬುದನ್ನು ಅವರಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಒಂದು ತಾಲ್ಲೂಕಿನ ಮೇಷ್ಟ್ರುಗಳು ತಾವೇ ಕಟ್ಟಿದ್ದನ್ನು ನಡೆಸುವುದಕ್ಕೂ, ಮೇಲಿನಿಂದ ಪೆಟ್ಟಿಗೆಯಲ್ಲಿ ಬಂದದ್ದನ್ನು ನಡೆಸುವುದಕ್ಕೂ ಅಜಗಜಾಂತರ. ಎಷ್ಟೋ ಕಡೆ ಕಾರ್ಡುಗಳು ನೋಡಿ ಬರೆಯುವ ಹಾಳೆಗಳಾಗಿವೆ. ನಾನು ಚುನಾವಣೆ ಕೆಲಸಕ್ಕೋ ಸಮೀಕ್ಷೆಗೋ ಹೋದ ದಿನ ನನ್ನ ಕೋಣೆಯಲ್ಲೂ ಅದೇ ನಡೆಯುತ್ತದೆ. ಇನ್ನು, ನಾಲ್ಕನೆಯ ತರಗತಿಗೆ ಕಾಲಿಟ್ಟ ಮಗುವಿಗೆ ಏಣಿಯೂ ಇಲ್ಲ, ಗೆಳೆಯನ ತಟ್ಟೆಯೂ ಇಲ್ಲ, ಪಠ್ಯಪುಸ್ತಕ, ಪ್ರಶ್ನೋತ್ತರ. ಮೂರು ವರ್ಷ ಪ್ರಶ್ನೆ ಕೇಳುವುದನ್ನು ಕಲಿಸಿ ನಾಲ್ಕನೆಯ ವರ್ಷ ಕೈಕಟ್ಟಿ ಕೂರಿಸುತ್ತೇವೆ. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮನೆಯ ಮಾತಿಗೆ ಬಂದರೆ, ಬೆಂಗಳೂರಿನಲ್ಲಿರುವ ನನ್ನ ತಂಗಿ ಮಗನಿಗೆಂದು ಮಾಂಟೆಸ್ಸರಿ ಹೆಸರಿನ ಮರದ ಸಾಮಾನುಗಳನ್ನು ದುಬಾರಿ ಬೆಲೆಗೆ ತರಿಸಿದ್ದಾಳೆ. ಮಗು ತಾನೇ ಲೋಟಕ್ಕೆ ನೀರು ಬಗ್ಗಿಸಲು ಹೋದರೆ ಮಾತ್ರ "ಚೆಲ್ಲುತ್ತೀಯ, ಬಿಡು" ಎಂದು ಕಸಿದುಕೊಳ್ಳುತ್ತಾಳೆ. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೆ ತರಬೇತಿ ಕೊಟ್ಟ ಇಟಲಿಯ ವೈದ್ಯೆ ಮಾರಿಯಾ ಮಾಂಟೆಸ್ಸರಿ ಮಕ್ಕಳಿಂದ ಮಾಡಿಸುತ್ತಿದ್ದ ಕೆಲಸಗಳಲ್ಲಿ ನೀರು ಬಗ್ಗಿಸುವುದೂ ಒಂದು. ನಮ್ಮ ಯಜಮಾನರ ಮೊಮ್ಮಗಳು ದಿನಾ ಪಾವಿನಲ್ಲಿ ಅಕ್ಕಿ ಅಳೆದು ಕೊಡುತ್ತಾಳೆ, ಕೋಳಿಗಳನ್ನು ಎಣಿಸಿ ಗೂಡಿಗೆ ಸೇರಿಸುತ್ತಾಳೆ. ಅದು ಕಲಿಕೆ ಎಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಿಲ್ಲ. ಸ್ಲೇಟು ಹಿಡಿದರೆ ಮಾತ್ರ ಓದು. ಹಾಗಾಗಿ ಆ ದಿನ ಯಜಮಾನರಿಗೆ ಒಂದೇ ಮಾತು ಹೇಳಿ ಕಳಿಸಿದೆ: ರಾತ್ರಿ ಕೂರಿಸಿ ಒಪ್ಪಿಸು ಅನ್ನಬೇಡಿ, ದಾರಿಯಲ್ಲಿ ಕಂಡದ್ದನ್ನು ಓದಲು ಬಿಡಿ.

ಕೆಲವು ದಿನ ಬಿಟ್ಟು ಮತ್ತೆ ದೂರು ತಂದರು. "ಬಸ್ಸಿನ ಬೋರ್ಡ್ ನೋಡಿ 'ಸರಗರ' ಅಂದಳು ಮೇಷ್ಟ್ರೇ. ಸರಗೂರು ಅಂತ ಓದಲು ಬರಲಿಲ್ಲ."

"ನಾಲ್ಕು ಅಕ್ಷರವನ್ನೂ ಸರಿಯಾಗಿಯೇ ಹಿಡಿದಿದ್ದಾಳೆ. ಕೊಂಬು ಇನ್ನೂ ಕಲಿಸಿಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಹಾಗಾದರೆ ಯುಗಾದಿವರೆಗೆ ನೋಡುತ್ತೇನೆ" ಎಂದರು.

ಯುಗಾದಿ ಕಳೆಯಿತು, ಅವಳು ನಮ್ಮ ಶಾಲೆಯಲ್ಲೇ ಉಳಿದಳು. ಈಗ ಎರಡನೆಯ ತರಗತಿ. ಜೂನ್‌ನಲ್ಲಿ ಅವಳ ತಮ್ಮನನ್ನು ಮಾತ್ರ ಕಾನ್ವೆಂಟಿನ ವ್ಯಾನಿಗೆ ಹತ್ತಿಸಿದರು. "ಕೂಸಿಗೆ ನೀವು ಸಾಕು, ಹುಡುಗನಿಗೆ ಇಂಗ್ಲಿಷ್ ಬೇಕಲ್ಲ" ಎಂದು ನನ್ನೆದುರೇ ಹೇಳಿದರು, ಸಂಕೋಚವೇನೂ ಇರಲಿಲ್ಲ. ನಮ್ಮ ಶಾಲೆಯಲ್ಲೂ ಇಂಗ್ಲಿಷ್ ವಿಭಾಗ ತೆರೆಯಬೇಕೆಂದು ಮೊನ್ನೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಅರ್ಜಿ ಬರೆದೆವು. ಮೊದಲ ಸಹಿ ಅವರದೇ.