ತಿನ್ನಬಹುದಾ ಅಂತ ಚಿಪ್ಪನ್ನಲ್ಲ, ನೀರನ್ನು ಕೇಳಿ

ಗೊತ್ತಿರುವವರೆಲ್ಲ ನನಗೆ ಚಿಪ್ಪಿನ ಫೋಟೋ ಕಳಿಸುತ್ತಾರೆ. ಅಂಗೈ ಮೇಲೆ ಒಂದು ಮರುವಾಯಿ (ಮರಳಲ್ಲಿ ಹುದುಗಿ ಬದುಕುವ ಎರಡು ಚಿಪ್ಪಿನ ಜೀವಿ), ಕೆಳಗೆ ಒಂದೇ ಸಾಲು: "ಇದನ್ನು ತಿನ್ನಬಹುದಾ?" ಯಾವ ಗುಂಪಿನದು ಅಂತ ಹೇಳುವುದು ಬಹಳ ಸಲ ಸುಲಭ. ತಿನ್ನಬಹುದಾ ಅನ್ನುವುದಕ್ಕೆ ಮಾತ್ರ ಫೋಟೋದಲ್ಲಿ ಉತ್ತರ ಇರುವುದಿಲ್ಲ. ಮರಳಲ್ಲಿ ಹುದುಗಿರುವ ಎರಡು ಚಿಪ್ಪಿನ ಜೀವಿಗಳಲ್ಲಿ ಹೆಚ್ಚಿನವು ತಿನ್ನುವಂಥವೇ. ಆದರೆ ಹೋದ ತಿಂಗಳು ಉಂಡು ತೇಗಿದ ಅದೇ ಜಾತಿ, ಅದೇ ಜಾಗದ್ದು, ಈ ತಿಂಗಳು ಆಸ್ಪತ್ರೆಗೆ ಕಳಿಸಬಹುದು. ಬದಲಾಗಿರುವುದು ಚಿಪ್ಪಲ್ಲ, ನೀರು.

ಮರುವಾಯಿಯ ಊಟವೇ ಹಾಗೆ. ನೀರನ್ನು ಒಳಗೆಳೆದು, ಅದರಲ್ಲಿ ತೇಲುವ ಸಣ್ಣ ಪಾಚಿಗಳನ್ನು ಸೋಸಿಕೊಂಡು, ಉಳಿದ ನೀರನ್ನು ಹೊರಗೆ ಬಿಡುತ್ತದೆ. ಆ ಪಾಚಿಗಳಲ್ಲಿ ಕೆಲವು ವಿಷ ತಯಾರಿಸುತ್ತವೆ. ಅದು ಮರುವಾಯಿಯ ಮೈಯಲ್ಲಿ ಸೇರಿಕೊಳ್ಳುತ್ತದೆ, ಅದಕ್ಕೆ ಅಂಥ ತೊಂದರೆಯೇನೂ ಆಗುವುದಿಲ್ಲ. ತಿಂದ ನಮಗೆ ಆಗುತ್ತದೆ. 1793ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಜಾರ್ಜ್ ವ್ಯಾಂಕೂವರ್‌ನ ಹಡಗಿನವರು ಈಗಿನ ಕೆನಡಾದ ಪಶ್ಚಿಮ ತೀರದಲ್ಲಿ ಮಸೆಲ್ ಎಂಬ ಎರಡು ಚಿಪ್ಪಿನ ಜೀವಿಯನ್ನು ತಿಂದು ಕಾಯಿಲೆ ಬಿದ್ದರು. ಜಾನ್ ಕಾರ್ಟರ್ ಎಂಬ ನಾವಿಕ ಕೆಲವೇ ಗಂಟೆಗಳಲ್ಲಿ ಸತ್ತುಹೋದ. ಆ ಜಾಗಕ್ಕೆ ಇವತ್ತಿಗೂ ಪಾಯ್ಸನ್ ಕೋವ್ (ವಿಷದ ಕೊಲ್ಲಿ) ಅಂತಲೇ ಹೆಸರು. ಮಸೆಲ್ ಬಂಡೆಗೆ ಅಂಟಿಕೊಂಡು ಬದುಕುವುದು ನಿಜ, ಆದರೆ ಅದು ಸೋಸುವ ನೀರೂ ಮರಳಿನ ಮರುವಾಯಿ ಸೋಸುವ ನೀರೇ.

ಈ ವಿಷದ ಹೆಸರು ಸ್ಯಾಕ್ಸಿಟಾಕ್ಸಿನ್. ಮೊದಲು ತುಟಿ, ನಾಲಿಗೆ ಜುಮ್ಮೆನ್ನುತ್ತವೆ. ಜಾಸ್ತಿ ಸೇರಿದ್ದರೆ ಉಸಿರಾಡುವ ಸ್ನಾಯುಗಳೇ ನಿಂತುಬಿಡುತ್ತವೆ. ಇದಕ್ಕೆ ಪ್ರತಿವಿಷ ಇಲ್ಲ, ಕೂಡಲೇ ಆಸ್ಪತ್ರೆಗೆ ಸೇರಿಸಿ ಉಸಿರಾಟಕ್ಕೆ ಯಂತ್ರದ ಆಸರೆ ಕೊಡಬೇಕು. ಕುದಿಸಿದರೆ ಹೋಗುವುದಿಲ್ಲ, ಹುಳಿ ಹಾಕಿದರೆ ಹೋಗುವುದಿಲ್ಲ. ರುಚಿ, ವಾಸನೆ ಯಾವುದರಲ್ಲೂ ಗೊತ್ತಾಗುವುದಿಲ್ಲ. ಬೇಯುವಾಗ ಬೆಳ್ಳಿ ಚಮಚ ಹಾಕಿ, ಕಪ್ಪಾದರೆ ವಿಷ ಅನ್ನುವವರಿದ್ದಾರೆ. ಅದೆಲ್ಲ ಸುಮ್ನೆ ಮಾತು. ನೀರು ಕೆಂಪಾಗಿಲ್ಲವಲ್ಲ ಅನ್ನುವ ಧೈರ್ಯವೂ ಬೇಡ, ತಿಳಿ ನೀರಲ್ಲೂ ವಿಷದ ಪಾಚಿ ಇರಬಹುದು. ಪ್ರಯೋಗಾಲಯದ ಪರೀಕ್ಷೆಯೊಂದೇ ದಾರಿ. ಅನೇಕ ದೇಶಗಳಲ್ಲಿ ಸರ್ಕಾರವೇ ಪರೀಕ್ಷೆ ಮಾಡಿ, ಯಾವ ತೀರ ತೆರೆದಿದೆ, ಯಾವುದು ಬಂದ್ ಅಂತ ಪ್ರಕಟಿಸುತ್ತದೆ. ಬುಟ್ಟಿ ತೆಗೆಯುವ ಮೊದಲು ನಾನು ನೋಡುವುದು ಅದನ್ನೇ. ಎಷ್ಟು ಗಾತ್ರದ್ದು, ಎಷ್ಟು ತೆಗೆಯಬಹುದು ಅನ್ನುವ ನಿಯಮವೂ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಪರೀಕ್ಷೆಯೇ ನಡೆಯದ ತೀರವಾದರೆ ನೋಡಿ ಖುಷಿಪಟ್ಟು ವಾಪಸ್ ಬರುತ್ತೇನೆ.

ಇನ್ನು ಚರಂಡಿ ನೀರು ಸೇರುವ ಕಡೆ, ಬಂದರಿನ ಪಕ್ಕ, ಜೋರು ಮಳೆ ಬಂದ ಮೇಲೆ ನದಿ ಸೇರುವ ಕಡೆ ಕೈ ಹಾಕುವುದೇ ಬೇಡ.

ನೀರಿನ ವಿಷಯ ಸರಿ ಇದೆ ಅಂದುಕೊಳ್ಳೋಣ. ಆಮೇಲಿನದು ಖುಷಿಯ ಕೆಲಸ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಜಾಸ್ತಿ, ಬೇರೆ ದಿನ ನೀರಡಿ ಇರುವ ಮರಳು ಆಗ ಬಯಲಾಗುತ್ತದೆ. ಇಳಿತ ಮುಗಿಯುವುದಕ್ಕೆ ಒಂದೆರಡು ಗಂಟೆ ಮೊದಲೇ ಹೋಗಿ, ನೀರಿನ ಹಿಂದೆಯೇ ಇಳಿಯಬೇಕು. ಬಗ್ಗಿ ಮರಳು ನೋಡುತ್ತಾ ಮೈಮರೆಯುವವರೇ ಜಾಸ್ತಿ, ಹಾಗಾಗಿ ಆಗಾಗ ತಲೆ ಎತ್ತಿ ಸಮುದ್ರ ನೋಡಿ.

ಮರಳಲ್ಲಿ ಕಾಣುವ ತೂತುಗಳೆಲ್ಲ ಮರುವಾಯಿಯದ್ದಲ್ಲ. ಅಲೆ ಹಿಂದೆ ಸರಿದಾಗ ಪುಸಪುಸ ಅಂತ ಏಳುವ ಸಾಲು ಸಾಲು ಸಣ್ಣ ತೂತುಗಳು ಬರೀ ಗಾಳಿ. ಮೇಲಿನ ಒಣ ಭಾಗದಲ್ಲಿ ಒಂದೇ ದೊಡ್ಡ ತೂತು, ಪಕ್ಕದಲ್ಲಿ ಎಸೆದ ಮರಳು ಇದ್ದರೆ ಅದು ಏಡಿಯ ಮನೆ. ಸುರುಳಿ ಸುರುಳಿಯಾಗಿ ಮರಳಿನ ಗುಪ್ಪೆ ಇದ್ದರೆ ಹುಳು. ಮರುವಾಯಿಗೆ ಎರಡು ಕೊಳವೆ, ನೀರು ಒಳಗೆ ಬರಲು ಒಂದು, ಹೋಗಲು ಒಂದು. ಹಾಗಾಗಿ ಅಕ್ಕಪಕ್ಕ ಎರಡು ಸಣ್ಣ ತೂತು ಹುಡುಕಿ. ಪಕ್ಕದಲ್ಲಿ ಕಾಲಿಟ್ಟಾಗ ಪಿಚಕ್ಕನೆ ನೀರು ಚಿಮ್ಮಿದರೆ ಮತ್ತೆ ಯೋಚಿಸುವುದೇ ಬೇಡ.

ಚಿಪ್ಪಿನ ಮೇಲೆ ಕೀಲಿನಿಂದ ಅಂಚಿನವರೆಗೆ ಉದ್ದಕ್ಕೆ ಏಣುಗಳಿದ್ದರೆ ಅದು ಕಾಕಲ್ ಗುಂಪು. ಕೊಳವೆ ಗಿಡ್ಡ, ಆದ್ದರಿಂದ ಕೆಲವೇ ಸೆಂಟಿಮೀಟರ್ ಕೆಳಗೆ ಇರುತ್ತದೆ, ಬೆರಳಲ್ಲೇ ಕೆದಕಿ ತೆಗೆಯಬಹುದು. ಗೆರೆಗಳು ಅಂಚಿಗೆ ಸಮಾನಾಂತರವಾಗಿ ಸುತ್ತಿಕೊಂಡಿದ್ದರೆ ಹೆಚ್ಚಾಗಿ ವೀನಸ್ ಗುಂಪಿನದು. ಅಲೆ ಒಡೆದು ಹಿಂದೆ ಸರಿಯುವ ಜಾಗದಲ್ಲೇ ಇರುವುದು ಡೋನಾಕ್ಸ್. ಚಿಕ್ಕದು, ನುಣುಪು, ಒಂದು ಕಡೆ ಮೊಂಡು. ಇದರ ಆಟ ನೋಡಲೇಬೇಕು. ಅಲೆ ಇದನ್ನು ಮರಳಿನಿಂದ ಎಬ್ಬಿಸಿ ಉರುಳಿಸುತ್ತದೆ. ನೀರು ಸರಿಯುವಷ್ಟರಲ್ಲಿ ಬಿಳಿ ಪಾದ ಹೊರಗೆ ಬರುತ್ತದೆ, ಚಿಪ್ಪು ನೆಟ್ಟಗೆ ನಿಲ್ಲುತ್ತದೆ, ಮರುಕ್ಷಣ ಮಾಯ. ಎಷ್ಟೋ ತೀರಗಳಲ್ಲಿ ಇವು ಉಬ್ಬರದ ಜೊತೆ ಮೇಲಕ್ಕೆ, ಇಳಿತದ ಜೊತೆ ಕೆಳಕ್ಕೆ ಹೀಗೇ ಓಡಾಡುತ್ತವೆ.

ಉದ್ದನೆ ರೇಜರ್ ಕ್ಲ್ಯಾಮ್ ಹಿಡಿಯುವುದೇ ಬೇರೆ ವಿದ್ಯೆ. ಹಲವು ಜಾತಿಗಳ ತೂತು ಬೀಗದ ತೂತಿನ ಆಕಾರದಲ್ಲಿರುತ್ತದೆ. ಅದು ಚಿಪ್ಪನ್ನು ತೆರೆದು ಮುಚ್ಚುತ್ತಾ ಸುತ್ತಲಿನ ಮರಳಿಗೆ ನೀರು ಎಳೆದುಕೊಳ್ಳುತ್ತದೆ. ಗಟ್ಟಿ ಮರಳು ಸಡಿಲವಾಗಿ, ದಾರಿ ತಾನಾಗಿ ಬಿಡುತ್ತದೆ. ಅಟ್ಲಾಂಟಿಕ್‌ನ ಒಂದು ಜಾತಿ ಸೆಕೆಂಡಿಗೆ ಸುಮಾರು 1 ಸೆಂ.ಮೀ. ವೇಗದಲ್ಲಿ 70 ಸೆಂ.ಮೀ. ಆಳದವರೆಗೆ ಇಳಿಯುತ್ತದೆ. ಹಿಂದೆ ಬಿದ್ದು ಅಗೆದರೆ ಗೆಲ್ಲುವುದು ಅದೇ. ತೂತಿಗೆ ಒಂದು ಚಿಟಿಕೆ ಉಪ್ಪು ಹಾಕಿ ಕಾದರೆ ತಾನೇ ಮೇಲೆ ಬರುತ್ತದೆ. ಆಗ ಎಳೆದಾಡಬೇಡಿ, ಪಾದ ಹರಿದುಹೋಗುತ್ತದೆ. ಮೆಲ್ಲಗೆ ಹಿಡಿದುಕೊಂಡಿರಿ, ಅದು ಪಟ್ಟು ಸಡಿಲಿಸಿದಾಗ ಮೇಲೆತ್ತಿ. ಚಿಪ್ಪಿನ ಅಂಚು ಹೆಸರಿಗೆ ತಕ್ಕಂತೆ ಹರಿತ, ಹುಷಾರು.

ಒಂಟಿ ಚಿಪ್ಪಿನವುಗಳ ವಿಷಯದಲ್ಲಿ ನಾನು ಪುಕ್ಕಲ. ಬಿಸಿ ಕಡಲುಗಳ ಕೋನ್ ಶಂಖ ನೋಡಲು ಬಲು ಚೆಂದ, ಮೈಮೇಲೆ ನಕ್ಷೆ ಬಿಡಿಸಿದ ಹಾಗೆ. ಒಂದು ತುದಿ ಅಗಲ, ಇನ್ನೊಂದು ಚೂಪು. ಚುಚ್ಚಿದರೆ ವಿಷ ಏರುತ್ತದೆ, ಕೋನಸ್ ಜಿಯೋಗ್ರಫಸ್ ಅನ್ನುವ ಜಾತಿ ಮನುಷ್ಯರನ್ನೇ ಕೊಂದಿದೆ. ಅಗಲ ತುದಿ ಹಿಡಿದರೆ ಏನಾಗಲ್ಲ ಅನ್ನುತ್ತಾರೆ, ನಂಬಬೇಡಿ. ಖಾಲಿ ಅನ್ನಿಸಿದರೂ ಮುಟ್ಟದಿರುವುದೇ ವಾಸಿ. ಮಕ್ಕಳು ಜೊತೆಗಿದ್ದರೆ ಈ ಮಾತನ್ನು ದಾರಿಯಲ್ಲೇ ಹೇಳಿಬಿಡಿ.

ತೆಗೆದದ್ದರಲ್ಲಿ ಸಣ್ಣವನ್ನು ಅಲ್ಲೇ ಬಿಟ್ಟು, ಗುಂಡಿ ಮುಚ್ಚಿ. ಬಾಯಿ ತೆರೆದದ್ದನ್ನು ಮೆಲ್ಲಗೆ ತಟ್ಟಿದರೆ ಜೀವ ಇರುವುದು ಮುಚ್ಚಿಕೊಳ್ಳುತ್ತದೆ. ಮುಚ್ಚಿರುವುದೆಲ್ಲ ಬದುಕಿದೆ ಅಂತಲೂ ಅಲ್ಲ, ಸತ್ತ ಚಿಪ್ಪಿನೊಳಗೆ ಕೆಸರು ತುಂಬಿರುತ್ತದೆ. ಎರಡು ಬೆರಳಲ್ಲಿ ಹಿಡಿದು ಚಿಪ್ಪುಗಳನ್ನು ಅಡ್ಡಕ್ಕೆ ತಳ್ಳಿ ನೋಡಿ. ಬದುಕಿರುವುದು ಜಗ್ಗುವುದಿಲ್ಲ, ಕೆಸರಿನದು ಜಾರಿ ಬಾಯಿ ಬಿಡುತ್ತದೆ. ಅಂಥದ್ದೊಂದು ಸಾಕು, ಇಡೀ ಪಾತ್ರೆ ಹಾಳು.

ಮರಳು ಕಕ್ಕಲು ಶುದ್ಧವಾದ ಉಪ್ಪು ನೀರಲ್ಲಿ ಕೆಲವು ಗಂಟೆ ಇಡಿ, ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಬರೀ ಸಿಹಿನೀರಲ್ಲಿಟ್ಟರೆ ಸಾಯುತ್ತವೆ. ಹೀಗೆ ಇಟ್ಟರೆ ಹೋಗುವುದು ಮರಳು ಮಾತ್ರ, ಪಾಚಿಯ ವಿಷ ಅಲ್ಲೇ ಇರುತ್ತದೆ.

ಬೇಯಿಸುವುದರಲ್ಲಿ ಅವಸರ ಬೇಡ. 1988ರಲ್ಲಿ ಶಾಂಘೈ ನಗರದಲ್ಲಿ ಸುಮಾರು 3 ಲಕ್ಷ ಜನರಿಗೆ ಹೆಪಟೈಟಿಸ್ ಎ ಎಂಬ ಯಕೃತ್ತಿನ ಸೋಂಕು ಬಂತು. ಕಾರಣ, ಕೊಳಚೆ ಸೇರಿದ ನೀರಿನ ಮರುವಾಯಿಯನ್ನು ಹಸಿಯಾಗಿಯೋ ಅರೆಬೆಂದದ್ದೋ ತಿಂದದ್ದು. ಚಿಪ್ಪು ಬಾಯಿ ಬಿಟ್ಟ ಕೂಡಲೇ ಇಳಿಸುವವರು ಬಹಳ. ಬಿಟ್ಟ ಮೇಲೂ 3ರಿಂದ 5 ನಿಮಿಷ ಕುದಿಸಿ. ಅಷ್ಟಾದರೂ ಬಾಯಿ ಬಿಡದಿರುವುದನ್ನು ಎಸೆಯಿರಿ. ಮತ್ತೆ ಬೆಂದ ನೀರನ್ನು ಚೆಲ್ಲಬೇಡಿ, ರುಚಿಯೆಲ್ಲ ಅದರಲ್ಲೇ ಇದೆ. ಬಗ್ಗಿಸುವಾಗ ತಳದ ಕೊನೆಯ ಒಂದೆರಡು ಚಮಚ ಮಾತ್ರ ಬಿಟ್ಟುಬಿಡಿ, ಎಷ್ಟು ಕಕ್ಕಿಸಿದರೂ ಸ್ವಲ್ಪ ಮರಳು ಅಲ್ಲಿ ಕೂತಿರುತ್ತದೆ.