ಇದರಲ್ಲಿ ಹೊಸದೇನಿದೆ ಅಣ್ಣಾ?

ಶನಿವಾರ ಸಂಜೆ ಆರೂವರೆಗೆ ತಮ್ಮ ಬಂದ. ಭಾನುವಾರ ಬೆಳಿಗ್ಗೆ ಬೇಗ ಹೊರಡುವವನಿದ್ದ. ನಮಗೆ ಸಿಕ್ಕಿದ್ದು ಒಂದೇ ರಾತ್ರಿ. ಇಬ್ಬರೂ ಒಂದೇ ಟಿವಿ ಮುಂದೆ ಕೂತು ಆಡಿ ಮೂರು ವರ್ಷ ಆಗಿತ್ತು. ನಾನು ಹೊಸ ಕನ್ಸೋಲ್ (ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಯಂತ್ರ) ತಗೊಂಡ ಮೇಲೆ ಅವನು ಅದನ್ನು ನೋಡುತ್ತಿದ್ದದ್ದೂ ಅದೇ ಮೊದಲು. ಅವನ ಹತ್ತಿರ ಇರುವುದು ಹಿಂದಿನ ತಲೆಮಾರಿನದು. ಅದನ್ನೂ ಟವೆಲ್‌ನಲ್ಲಿ ಸುತ್ತಿ ಬ್ಯಾಗಲ್ಲಿ ತಂದಿದ್ದ. "ನನ್ನ ಸೇವ್ ಎಲ್ಲಾ ಇದರಲ್ಲೇ ಇದೆ ಅಣ್ಣಾ, ಇರಲಿ ಅಂತ ತಂದೆ" ಅಂದ.

ಆ ವಾರವೆಲ್ಲ ನಾನು ಈ ರಾತ್ರಿಗಾಗಿಯೇ ಕಾದಿದ್ದೆ. ಇಬ್ಬರು ಸೇರಿ ಆಡುವ ಒಂದು ಆಟದ ಡಿಸ್ಕ್ ತಂದಿಟ್ಟಿದ್ದೆ. ಅವನೇ ಬಿಚ್ಚಲಿ ಅಂತ ಮೇಲಿನ ಪ್ಲಾಸ್ಟಿಕ್ ಕೂಡ ಮುಟ್ಟಿರಲಿಲ್ಲ. ಅವನು ಬಿಚ್ಚಿದ, ಡಿಸ್ಕ್ ಒಳಗೆ ತಳ್ಳಿದ, ಕಂಟ್ರೋಲರ್ ಹಿಡಿದು ಕೂತ. ಜಾಗ ಸಾಲದು ಅಂತ ಪರದೆ ಮೇಲೆ ಬಂತು.

ಈ ತಲೆಮಾರಿನ ಕನ್ಸೋಲ್ ಇಟ್ಟುಕೊಂಡವರಿಗೆ ಇದು ಗೊತ್ತಿರುವ ಕಷ್ಟ. ಪ್ಲೇಸ್ಟೇಷನ್ 5 ಮೊದಲು ಬಂದಾಗ ಆಟಗಳನ್ನು ಇಟ್ಟುಕೊಳ್ಳುವ ಅದರ ಎಸ್‌ಎಸ್‌ಡಿ 825 ಜಿಬಿ ಅಂತಿತ್ತು, ಆಟಗಳಿಗೆ ಸಿಗುತ್ತಿದ್ದದ್ದು ಸುಮಾರು 667. ಅದೇ ತಲೆಮಾರಿನ ಇನ್ನೊಂದು ಕನ್ಸೋಲ್ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ 512ಕ್ಕೆ ಸಿಗುತ್ತಿದ್ದದ್ದು 364ರಷ್ಟೇ. ದೊಡ್ಡ ಆಟ ಒಂದೊಂದೂ ನೂರು ಜಿಬಿ ದಾಟುವ ಕಾಲದಲ್ಲಿ ನಾಲ್ಕೈದು ಆಟಕ್ಕೆಲ್ಲಾ ಜಾಗ ಮುಗಿದುಹೋಗುತ್ತದೆ. ಯಾವುದನ್ನು ಅಳಿಸಲಿ ಅಂತ ಪಟ್ಟಿ ನೋಡುತ್ತಾ ಕೂತೆ. ಅರ್ಧ ಆಡಿ ಬಿಟ್ಟದ್ದು ಎರಡು, ಇವತ್ತಲ್ಲ ನಾಳೆ ಮುಗಿಸುತ್ತೇನೆ ಅಂದುಕೊಂಡದ್ದು. ಅವೆರಡನ್ನೂ ತೆಗೆದೆ. ಮನಸ್ಸಿಗೆ ಕಸಿವಿಸಿ ಆಯಿತು. ಡಿಸ್ಕ್‌ನಲ್ಲಿದ್ದದ್ದು ಒಳಗೆ ಇಳಿಯಿತು. ಆಮೇಲೆ ಅಪ್‌ಡೇಟ್ ಕೇಳಿತು. ನಲವತ್ತು ಜಿಬಿಗೂ ಜಾಸ್ತಿ. ಉಳಿದಿರುವ ಸಮಯ ಐದು ಗಂಟೆ ಅಂತ ತೋರಿಸಿತು.

ತಮ್ಮ ಏನೂ ಅನ್ನಲಿಲ್ಲ. ಕಂಟ್ರೋಲರ್ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ನನಗೇ ಮುಜುಗರ.

"ಅಲ್ಲಿವರೆಗೆ ಬೇರೆ ಏನಾದ್ರೂ ತೋರಿಸ್ತೀನಿ ಇರು" ಅಂದೆ. ನನ್ನ ಹತ್ತಿರ ಇರುವುದರಲ್ಲೇ ಅತ್ಯಂತ ಚಂದ ಕಾಣುವ ಆಟ ತೆರೆದೆ. ಅದು ಶುರುವಿನಲ್ಲೇ ಒಂದು ಪ್ರಶ್ನೆ ಕೇಳುತ್ತದೆ. ಚಿತ್ರ ಚೆನ್ನಾಗಿರಬೇಕಾ, ಆಟ ನಯವಾಗಿ ಓಡಬೇಕಾ? ಚಿತ್ರ ಬೇಕು ಅಂದರೆ ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ). ನಯ ಬೇಕು ಅಂದರೆ 60 ಫ್ರೇಮ್, ಆದರೆ ಚಿತ್ರ ಸ್ವಲ್ಪ ಮಸುಕು. ತಮ್ಮ ನನ್ನ ಮುಖ ನೋಡಿದ. "ಎರಡೂ ಆಗಲ್ವಾ?"

ಆಗಲ್ಲ ಅನ್ನುವುದಕ್ಕೆ ಕಾರಣ ಇದೆ, ಅವನಿಗೂ ಅದನ್ನೇ ಹೇಳಿದೆ. ಹಳೇ ಟಿವಿಯ 1080ಪಿ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕಿ. 4ಕೆ ಪರದೆಯಲ್ಲಿ 83 ಲಕ್ಷ. ಅಂದರೆ ನಾಲ್ಕು ಪಟ್ಟು. ಹೊಸ ಯಂತ್ರಕ್ಕೆ ಬಂದ ಬಲದ ದೊಡ್ಡ ಪಾಲು ಈ ಚುಕ್ಕಿಗಳನ್ನು ತುಂಬುವುದಕ್ಕೇ ಹೋಗುತ್ತದೆ. ಬೆಳಕು ಎಲ್ಲಿ ಬಿದ್ದು ಎಲ್ಲಿಗೆ ಚಿಮ್ಮುತ್ತದೆ ಅಂತ ಲೆಕ್ಕ ಹಾಕುವ ರೇ ಟ್ರೇಸಿಂಗ್ ಸೇರಿಸಿದರೆ ಇನ್ನೂ ಭಾರ. 60 ಫ್ರೇಮ್ ಬೇಕು ಅಂದರೆ ಒಂದೊಂದು ಚಿತ್ರ ಬಿಡಿಸುವುದಕ್ಕೂ ಯಂತ್ರಕ್ಕೆ ಸಿಗುವುದು 16.7 ಮಿಲಿಸೆಕೆಂಡು ಮಾತ್ರ. ಇದೆಲ್ಲಾ ಸರಿಯೇ. ಆದರೆ 2020ರಲ್ಲಿ ಈ ಯಂತ್ರಗಳು ಬಂದಾಗ ನಮಗೆ ತೋರಿಸಿದ ಕನಸು ಬೇರೆ. 120 ಫ್ರೇಮ್ ಅಂದರು. ಪ್ಲೇಸ್ಟೇಷನ್ 5ರ ಡಬ್ಬದ ಮೇಲೆ 8ಕೆ ಅಂತಲೂ ಇತ್ತು. ಇಷ್ಟು ವರ್ಷ ಆದಮೇಲೂ ಆಡುವವನೇ ಕೂತು ಇದು ಬೇಕಾ ಅದು ಬೇಕಾ ಅಂತ ಆರಿಸಬೇಕು ಅಂದರೆ ಬೇಜಾರಾಗುತ್ತದೆ.

ತಮ್ಮ ಸ್ವಲ್ಪ ಹೊತ್ತು ಆಡಿದ. "ಅಣ್ಣಾ, ಈ ಆಟ ನನ್ನ ಹತ್ರಾನೂ ಇದೆ" ಅಂದ.

ಹೌದು, ಎರಡೂ ತಲೆಮಾರಿಗೆ ಬಂದ ಆಟ ಅದು. ಅವನು ತನ್ನ ಕನ್ಸೋಲ್ ಹೊರಗೆ ತೆಗೆದ. ಟಿವಿ ಹಿಂದಿನ ಎರಡನೇ ಎಚ್‌ಡಿಎಂಐಗೆ ಸಿಕ್ಕಿಸಿದೆವು. ಎರಡರಲ್ಲೂ ಅದೇ ಊರು, ಅದೇ ಸೇತುವೆ ಹತ್ತಿರ ಹೋಗಿ ನಿಂತೆವು. ಲೋಡಿಂಗ್‌ನಲ್ಲಿ ನನ್ನದು ಗೆದ್ದಿತು, ಅದೂ ಭಾರೀ ಅಂತರದಲ್ಲಿ. ಅವನದು ಒಂದು ನಿಮಿಷಕ್ಕೂ ಹೆಚ್ಚು ತಗೊಂಡಿತು. ನನ್ನದು ನಾಲ್ಕೈದು ಸೆಕೆಂಡು. ಹಳೆಯದರಲ್ಲಿ ತಿರುಗುವ ಹಾರ್ಡ್ ಡಿಸ್ಕ್, ಹೊಸದರಲ್ಲಿ ಎಸ್‌ಎಸ್‌ಡಿ. ಈ ವೇಗ ನಿಜವಾದದ್ದು. ಇದನ್ನು ಯಾರೂ ಕಡೆಗಣಿಸಬಾರದು. ಸತ್ತ ತಕ್ಷಣ ಮತ್ತೆ ಎದ್ದು ಆಡುವ ಸುಖ ಒಮ್ಮೆ ರೂಢಿಯಾದರೆ ಹಿಂದಕ್ಕೆ ಹೋಗಲು ಮನಸ್ಸೇ ಬರುವುದಿಲ್ಲ.

ಆದರೆ ಸೇತುವೆ ಮೇಲೆ ನಿಂತ ಮೇಲೆ? ರಿಮೋಟ್ ಒತ್ತಿ ಒತ್ತಿ ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಬದಲಿಸಿದೆವು. ನನ್ನದರಲ್ಲಿ ಹುಲ್ಲು ದಟ್ಟವಾಗಿತ್ತು. ನೀರಿನಲ್ಲಿ ಆಕಾಶ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು. ದೂರದ ಮರಗಳ ಎಲೆ ಎಲೆಯೂ ಬಿಡಿಬಿಡಿಯಾಗಿತ್ತು. ಅಷ್ಟೇ. ಊರಿನ ಜನ ಅದೇ ದಾರಿಯಲ್ಲಿ ಅದೇ ಮಾತಾಡುತ್ತಾ ಓಡಾಡುತ್ತಿದ್ದರು. ತೆರೆಯದ ಬಾಗಿಲು ಎರಡರಲ್ಲೂ ತೆರೆಯಲಿಲ್ಲ. ಶತ್ರು ಎರಡರಲ್ಲೂ ಅದೇ ಗೋಡೆ ಹಿಂದೆ ಅಡಗಿದ.

ಆಗ ಅವನು ಕೇಳಿದ, "ಇದರಲ್ಲಿ ಹೊಸದೇನಿದೆ ಅಣ್ಣಾ?"

ಅವನದು ಕೊಂಕು ಮಾತಲ್ಲ. ನಿಜವಾಗಿ ತಿಳಿಯಬೇಕು ಅಂತಲೇ ಕೇಳಿದ. ಅವನೂ ಹೊಸದು ತಗೊಳ್ಳಬೇಕು ಅಂತ ದುಡ್ಡು ಕೂಡಿಡುತ್ತಿದ್ದಾನೆ. ನನಗೆ ಉತ್ತರ ತೋಚಲಿಲ್ಲ.

ಚಿಕ್ಕವರಿದ್ದಾಗ ನಮ್ಮ ಆಟಗಳಲ್ಲಿ ಇದ್ದದ್ದು ಎಡ, ಬಲ, ಮೇಲೆ, ಕೆಳಗೆ. ಮೊದಲ ಸಲ ಮೂರು ಆಯಾಮದ ಆಟ ನೋಡಿದ ದಿನ ಇನ್ನೂ ನೆನಪಿದೆ. ಹೆಬ್ಬೆರಳಲ್ಲಿ ಸ್ಟಿಕ್ ತಳ್ಳಿದರೆ ಗೊಂಬೆ ಪರದೆಯ ಒಳಗಡೆಗೆ ನಡೆದುಹೋಯಿತು. ನಾನೂ ತಮ್ಮನೂ ಅವತ್ತು ಆಟವನ್ನೇ ಆಡಲಿಲ್ಲ, ಸುಮ್ನೆ ಆ ಗೊಂಬೆಯನ್ನು ಸುತ್ತಾಡಿಸುತ್ತಾ ಕೂತೆವು. ಅಂಥ ದಿನ ಈ ತಲೆಮಾರಿನಲ್ಲಿ ನನಗೆ ಹೆಚ್ಚೂಕಮ್ಮಿ ಬರಲೇ ಇಲ್ಲ. ಪ್ಲೇಸ್ಟೇಷನ್ 5 ಜೊತೆಗೇ ಬರುವ ಆಸ್ಟ್ರೋಸ್ ಪ್ಲೇರೂಮ್ ಮೊದಲ ಸಲ ಆಡಿದಾಗ, ಮಳೆಹನಿ ಅಂಗೈ ಮೇಲೇ ಬಿದ್ದ ಹಾಗೆ ಕಂಟ್ರೋಲರ್ ನಡುಗಿತಲ್ಲ, ಆ ಒಂದು ಗಳಿಗೆ ಬಿಟ್ಟರೆ.

ತಪ್ಪು ಯಂತ್ರದ್ದಲ್ಲ ಅಂತ ನಾನು ನಂಬುತ್ತೇನೆ. ಯಂತ್ರಕ್ಕೆ ತಕ್ಕ ಆಟ ಬರಲಿಲ್ಲ. ಆಟ ಮಾಡುವ ನಾಟಿ ಡಾಗ್ ಸ್ಟುಡಿಯೋವನ್ನೇ ತಗೊಳ್ಳಿ. ಪ್ಲೇಸ್ಟೇಷನ್ 3ಕ್ಕೆ ಅವರು 2007, 2009, 2011ರಲ್ಲಿ ಮೂರು ಅನ್‌ಚಾರ್ಟೆಡ್ ಕೊಟ್ಟರು, 2013ರಲ್ಲಿ ದಿ ಲಾಸ್ಟ್ ಆಫ್ ಅಸ್ ಕೊಟ್ಟರು. ಒಂದೇ ಕನ್ಸೋಲ್, ನಾಲ್ಕು ಆಟ. ಪ್ಲೇಸ್ಟೇಷನ್ 5ರ ಮೊದಲ ಐದು ವರ್ಷದಲ್ಲಿ ಅವರಿಂದ ಬಂದದ್ದು ಹಳೇ ಆಟಗಳ ಹೊಸ ರೂಪಗಳೇ. ಬೇರೆ ಸ್ಟುಡಿಯೋದ ಜಿಟಿಎ 5 ಆಟವಂತೂ 2013ರಲ್ಲಿ ಬಂತು, 2014ರಲ್ಲಿ ಮುಂದಿನ ತಲೆಮಾರಿಗೆ ಬಂತು, 2022ರಲ್ಲಿ ಅದರ ಮುಂದಿನದಕ್ಕೂ ಬಂತು. ದೊಡ್ಡ ಆಟ ಮಾಡಲು ಐದಾರು ವರ್ಷ ಹಿಡಿಯುತ್ತಿದೆ. ಅಷ್ಟರಲ್ಲಿ ಕನ್ಸೋಲ್‌ನ ಆಯುಷ್ಯವೇ ಮುಗಿಯುತ್ತಾ ಬರುತ್ತದೆ. ಮೇಲಾಗಿ ಶುರುವಿನ ಎರಡು ವರ್ಷ ಚಿಪ್ ಕೊರತೆಯಿಂದ ಕನ್ಸೋಲೇ ಸಿಗಲಿಲ್ಲ. ಹಳೆಯದನ್ನು ಇಟ್ಟುಕೊಂಡವರು ಕೋಟಿಗಟ್ಟಲೆ ಇದ್ದರು. ಅವರನ್ನು ಬಿಟ್ಟು ಆಟ ಮಾಡಲು ಕಂಪನಿಗಳಿಗೆ ಧೈರ್ಯ ಬರಲಿಲ್ಲ. ಹಾಗಾಗಿ 2022ರ ಗಾಡ್ ಆಫ್ ವಾರ್ ರಾಗ್ನರಾಕ್ ಕೂಡ ಪ್ಲೇಸ್ಟೇಷನ್ 4ರಲ್ಲಿ ಓಡಿತು. ನನ್ನ ತಮ್ಮನಂಥವರಿಗೆ ಅದು ಒಳ್ಳೆಯದೇ ಆಯಿತು, ಅದನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಹಳೇ ಹಾರ್ಡ್ ಡಿಸ್ಕ್‌ನಲ್ಲೂ ಓಡಬೇಕಾದ ಆಟ ಹೊಸ ಎಸ್‌ಎಸ್‌ಡಿ ನಂಬಿಕೊಂಡು ಹುಟ್ಟಲು ಆಗುವುದಿಲ್ಲ, ಅಲ್ವಾ?

ಬೆಲೆಯ ಮಾತೂ ಬಂತು. ಮೊದಲೆಲ್ಲಾ ಎರಡು ಮೂರು ವರ್ಷ ಕಾದರೆ ಕನ್ಸೋಲ್ ಅಗ್ಗವಾಗುತ್ತಿತ್ತು. ಈ ಸಲ ಕಾದವರಿಗೆ ಬೆಲೆ ಏರಿತು. ತಮ್ಮ ಕಾದವರಲ್ಲಿ ಒಬ್ಬ.

ನನಗೆ ಎಲ್ಲಕ್ಕಿಂತ ನೋವಾಗುವುದು ಬೇರೆ ವಿಷಯಕ್ಕೆ. 2001ರ ಮೊದಲ ಹೇಲೋ ಆಟದಲ್ಲಿ ಇಬ್ಬರು ಒಂದೇ ಟಿವಿಯಲ್ಲಿ ಪರದೆ ಹಂಚಿಕೊಂಡು ಕಥೆ ಪೂರ್ತಿ ಆಡಬಹುದಿತ್ತು. 2021ರ ಹೇಲೋ ಇನ್ಫಿನಿಟ್‌ಗೂ ಅದನ್ನು ಕೊಡುತ್ತೇವೆ ಅಂದಿದ್ದರು. 2022ರಲ್ಲಿ ಕೈಬಿಟ್ಟರು. ಇಪ್ಪತ್ತು ವರ್ಷದ ಹಿಂದಿನ ಯಂತ್ರದಲ್ಲಿ ಆದದ್ದು ಅದರ ಎಷ್ಟೋ ಪಟ್ಟು ಬಲದ ಯಂತ್ರದಲ್ಲಿ ಆಗಲಿಲ್ಲ. ಇಬ್ಬರು ಸೇರಿಯೇ ಆಡುವ ಇಟ್ ಟೇಕ್ಸ್ ಟೂ, ಸ್ಪ್ಲಿಟ್ ಫಿಕ್ಷನ್ ಥರದ ಆಟಗಳು ಬಂದವು, ಅವನ್ನು ಮಾಡಿದವರಿಗೆ ನಾನು ಋಣಿ. ಆದರೆ ಅಂಥವು ಬೆರಳೆಣಿಕೆ.

ಹತ್ತೂವರೆಗೆ ಡೌನ್‌ಲೋಡ್ ನೋಡಿದೆ. ಶೇ. 71. ತಮ್ಮ ತನ್ನ ಕನ್ಸೋಲ್‌ನಲ್ಲೇ ಹಳೇ ಕಾರ್ ರೇಸ್ ಹಾಕಿದ. ಇಬ್ಬರೂ ಆಡಿದೆವು. ಅವನು ಗೆದ್ದ, ಮತ್ತೆ ಗೆದ್ದ, ಆಮೇಲೆ ನಾನು ಗೆದ್ದೆ. ಹನ್ನೊಂದೂವರೆ ಹೊತ್ತಿಗೆ ಅವನಿಗೆ ಕಣ್ಣು ಎಳೆಯಿತು. "ಆದ ತಕ್ಷಣ ಎಬ್ಬಿಸು" ಅಂತ ಹೇಳಿ ಅಲ್ಲೇ ಒರಗಿದ. ಹನ್ನೆರಡು ದಾಟಿದ ಮೇಲೆ ಮುಗಿಯಿತು. ಬೆಳಿಗ್ಗೆ ಐದಕ್ಕೆ ಏಳಬೇಕಾದವನು. ನನಗೆ ಎಬ್ಬಿಸಲು ಮನಸ್ಸಾಗಲಿಲ್ಲ.

ಬೆಳಿಗ್ಗೆ ಅವನನ್ನು ಕಳಿಸಿ ಬಂದು ಟಿವಿ ಹಾಕಿದೆ. ಆ ಆಟ ತೆರೆದೆ. ಮೂರೇ ಸೆಕೆಂಡಿನಲ್ಲಿ ಬಂತು. ಎಡಗಡೆ ನನ್ನ ಹೆಸರು. ಬಲಗಡೆ ಖಾಲಿ ಚೌಕ, ಅದರ ಕೆಳಗೆ ಎರಡನೇ ಕಂಟ್ರೋಲರ್ ಜೋಡಿಸಿ ಅಂತ ಬರೆದಿತ್ತು. ಅವನು ಆಡಿದ ಕಂಟ್ರೋಲರ್ ಸೋಫಾ ಮೇಲೆ ಹಾಗೇ ಇತ್ತು.