ದಕ್ಷಿಣ ಫ್ರಾನ್ಸ್‌ಗೆ ನಾಲ್ಕೈದು ದಿನ: ಎಲ್ಲಿ ಉಳಿಯೋದು, ಏನೇನು ನೋಡೋದು?

ಮಾರ್ಚ್ ಬಂತು ಅಂದರೆ ಈ ಪ್ರಶ್ನೆ ಶುರುವಾಗುತ್ತದೆ. ಬೆಂಗಳೂರಿನ ಗೆಳೆಯರು ಕೇಳುತ್ತಾರೆ, ಜರ್ಮನಿಯಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಕೇಳುತ್ತಾರೆ, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇನ್ನೂ ಜಾಸ್ತಿ ಕೇಳುತ್ತಾರೆ. "ಪ್ಯಾರಿಸ್ ಆದಮೇಲೆ ನಾಲ್ಕೈದು ದಿನ ಇದೆ. ದಕ್ಷಿಣ ಫ್ರಾನ್ಸ್ ನೋಡೋಣ ಅಂತಿದ್ದೀವಿ. ನೀಸ್, ಮೊನಾಕೊ, ಮಾರ್ಸೇ, ಲ್ಯಾವೆಂಡರ್ ಹೊಲ, ಎಲ್ಲ ಮುಗಿಸಬಹುದಾ? ರೂಮ್ ಎಲ್ಲಿ ಮಾಡೋದು?"

ಎಲ್ಲ ಮುಗಿಸೋಕೆ ಆಗುವುದಿಲ್ಲ. ಒಂದೇ ಊರಲ್ಲಿ ರೂಮ್ ಮಾಡಿ. ಬೆಳಿಗ್ಗೆ ರೈಲು ಹತ್ತಿ ಒಂದೊಂದು ದಿಕ್ಕಿಗೆ ಹೋಗಿ, ಸಂಜೆ ಅದೇ ರೂಮಿಗೆ ಬನ್ನಿ. ಆ ಊರು ರೋನ್ ನದಿ ದಂಡೆಯ ಅವಿನ್ಯೋಂ ಆಗಲಿ ಅನ್ನುವುದು ನನ್ನ ಮಾತು.

ಮ್ಯಾಪಿನಲ್ಲಿ ಅವಿನ್ಯೋಂ, ನೀಸ್ ಎರಡೂ ಪಕ್ಕಪಕ್ಕದಲ್ಲೇ ಇರುವ ಹಾಗೆ ಕಾಣುತ್ತವೆ. ರೈಲಿನಲ್ಲಿ ಕೂತರೆ ಮೂರರಿಂದ ನಾಲ್ಕು ಗಂಟೆ ಬೇಕು. ಅದರ ಮೇಲೆ ಹೋಟೆಲ್ ಬದಲಾಯಿಸುವ ದಿನ ಅಂದರೆ ಅರ್ಧ ದಿನ ಹೋದ ಹಾಗೆ. ಹನ್ನೊಂದಕ್ಕೆ ರೂಮ್ ಖಾಲಿ ಮಾಡಬೇಕು, ಹೊಸ ರೂಮ್ ಮೂರು ಗಂಟೆಗೆ ಸಿಗುತ್ತದೆ, ನಡುವೆ ಸೂಟ್‌ಕೇಸ್ ಎಳೆದುಕೊಂಡು ಅಲೆಯಬೇಕು. ನಾಲ್ಕು ದಿನದ ಪ್ರವಾಸದಲ್ಲಿ ಮೂರು ಹೋಟೆಲ್ ಹಾಕಿಕೊಂಡರೆ ನೋಡುವುದಕ್ಕಿಂತ ಮೂಟೆ ಕಟ್ಟುವುದೇ ಜಾಸ್ತಿ ಆಗುತ್ತದೆ.

ಸಮುದ್ರವೇ ಬೇಕು ಅನ್ನುವವರಿಗೆ ನೀಸ್ ಸರಿ. ಅಲ್ಲಿಂದ ಕರಾವಳಿ ಹಿಡಿದು ಹೋಗುವ ರೈಲಿನಲ್ಲಿ ವಿಲ್‌ಫ್ರಾಂಶ್, ಮೊನಾಕೊ, ಮಾಂತೋಂ ಒಂದು ಕಡೆ, ಆಂತೀಬ್ ಇನ್ನೊಂದು ಕಡೆ. ಯಾವುದಕ್ಕೂ ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಡ. ನೀಸ್‌ನ ಬೀಚಿನಲ್ಲಿ ಮರಳಿಲ್ಲ, ದುಂಡು ಕಲ್ಲುಗಳಿವೆ, ಮಕ್ಕಳಿಗೆ ಚಪ್ಪಲಿ ಇರಲಿ. ಹಳೇ ಪೇಟೆಯಲ್ಲಿ ಸೋಕ್ಕಾ ತಿನ್ನಿ: ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ, ಅಗಲವಾದ ತಟ್ಟೆಯಲ್ಲಿ ಹುಯ್ದು, ಕಟ್ಟಿಗೆ ಒಲೆಯಲ್ಲಿ ಸುಟ್ಟು, ಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ಮಾಂಸ ಮೀನು ಮುಟ್ಟದವರಿಗೆ ಇಷ್ಟು ನಿಶ್ಚಿಂತೆಯ ತಿಂಡಿ ಫ್ರಾನ್ಸ್‌ನಲ್ಲಿ ಸಿಗುವುದು ಕಡಿಮೆ. ನೀಸ್ ಆರಿಸಿಕೊಂಡರೆ ಅಲ್ಲೇ ಇರಿ, ಅವಿನ್ಯೋಂ ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ನಾನು ಅವಿನ್ಯೋಂ ಅನ್ನುವುದಕ್ಕೆ ಕಾರಣ, ಅದರ ಸುತ್ತ ಒಂದು ಗಂಟೆಯೊಳಗೆ ಎರಡು ಸಾವಿರ ವರ್ಷದ ಕಟ್ಟಡಗಳು, ನದಿ, ಸಂತೆ, ಬೆಟ್ಟ ಎಲ್ಲ ಇವೆ. ಪ್ಯಾರಿಸ್‌ನ ಗಾರ್ ದ ಲಿಯೋಂ ನಿಲ್ದಾಣದಿಂದ ಟಿಜಿವಿ ಅನ್ನುವ ವೇಗದ ರೈಲು ಹತ್ತಿದರೆ ಸುಮಾರು 2 ಗಂಟೆ 40 ನಿಮಿಷ. ಒಂದು ವಿಷಯ ನೆನಪಿಡಿ: ಅವಿನ್ಯೋಂನಲ್ಲಿ ಎರಡು ನಿಲ್ದಾಣಗಳಿವೆ. ಟಿಜಿವಿ ನಿಲ್ಲುವುದು ಊರ ಹೊರಗೆ. ಅಲ್ಲಿಂದ ಚಿಕ್ಕ ರೈಲಿನಲ್ಲಿ ಐದಾರು ನಿಮಿಷಕ್ಕೆ ಅವಿನ್ಯೋಂ ಸಾಂತ್ರ್ ನಿಲ್ದಾಣ. ಅದು ಕೋಟೆ ಬಾಗಿಲಿನ ಎದುರಿಗೇ ಇದೆ. ನಿಮ್ಮ ದಿನದ ಓಡಾಟದ ಲೋಕಲ್ ರೈಲುಗಳೆಲ್ಲ ಹೊರಡುವುದು ಅಲ್ಲಿಂದ. ಹಾಗಾಗಿ ರೂಮ್ ಹುಡುಕುವಾಗ ಈ ಸಾಂತ್ರ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿ, ಕೋಟೆ ಗೋಡೆಯ ಒಳಗೆ ಹುಡುಕಿ. ದುಡ್ಡು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಜುಲೈನಲ್ಲಿ ಮಾತ್ರ ಎಚ್ಚರ. 1947ರಲ್ಲಿ ಜಾನ್ ವಿಲಾರ್ ಶುರುಮಾಡಿದ ನಾಟಕೋತ್ಸವ ಆ ತಿಂಗಳು ನಡೆಯುತ್ತದೆ. ಊರು ತುಂಬಿ ತುಳುಕುತ್ತದೆ. ನಾಟಕ ಇಷ್ಟಪಡುವವರಿಗೆ ಅದೇ ಹಬ್ಬ. ಉಳಿದವರಿಗೆ ರೂಮ್ ಸಿಗುವುದೇ ಕಷ್ಟ.

ಊರಿಗೆ ಅರ್ಧ ದಿನ, ಜೊತೆಗೆ ಸಂಜೆಗಳು ಸಾಕು. 1309ರಿಂದ 1377ರವರೆಗೆ ಪೋಪ್‌ಗಳು ಕೂತಿದ್ದು ರೋಮ್‌ನಲ್ಲಲ್ಲ, ಇಲ್ಲಿ. ಅವರು ಕಟ್ಟಿಸಿದ ಅರಮನೆ ಹೊರಗಿನಿಂದ ಕೋಟೆಯೇ. ಒಳಗೆ ಕೋಣೆಗಳು ಬಹುಪಾಲು ಬರಿದು. ಅದಕ್ಕೆ ಕೆಲವರಿಗೆ ಬೇಜಾರಾಗುತ್ತದೆ. ಇಲ್ಲಿನ ಹೆಸರಾಂತ ಮುರಿದ ಸೇತುವೆಯಲ್ಲಿ ಮೊದಲಿದ್ದ 22 ಕಮಾನುಗಳಲ್ಲಿ ಈಗ ಉಳಿದಿರುವುದು ನಾಲ್ಕು, ಮಿಕ್ಕದ್ದು ರೋನ್ ನದಿಯ ಪಾಲು. ಸಂಜೆ ಅರಮನೆ ಪಕ್ಕದ ರೋಶೆ ದೆ ದೋಂ ಅನ್ನುವ ಗುಡ್ಡದ ತೋಟಕ್ಕೆ ಹತ್ತಿ. ದೂರದಲ್ಲಿ 1,910 ಮೀಟರ್ ಎತ್ತರದ ಮೋಂ ವಾಂತೂ ಕಾಣುತ್ತದೆ. ಬೇಸಿಗೆಯಲ್ಲೂ ಅದರ ತುದಿ ಬೆಳ್ಳಗೆ. ಹಿಮ ಅಲ್ಲ, ಸುಣ್ಣಕಲ್ಲು.

ದಿನದ ಓಡಾಟದಲ್ಲಿ ಮೊದಲು ಆರ್ಲ್. ರೈಲಿನಲ್ಲಿ ಇಪ್ಪತ್ತು ನಿಮಿಷ. ಈ ಕಡೆಯ ಲೋಕಲ್ ರೈಲಿಗೆ ಟಿಇಆರ್ ಅನ್ನುತ್ತಾರೆ. ಸೀಟು ಬುಕ್ ಮಾಡುವ ಗೋಜಿಲ್ಲ, ಅವತ್ತೇ ಟಿಕೆಟ್ ತೆಗೆದುಕೊಂಡರೂ ಅದೇ ರೇಟು. ಟಿಜಿವಿ ಹಾಗಲ್ಲ, ದಿನ ಹತ್ತಿರ ಬಂದಷ್ಟೂ ದುಬಾರಿ.

ಆರ್ಲ್‌ನಲ್ಲಿ ರೋಮನ್ನರ ಕಾಲದ ದೊಡ್ಡ ಅರೆನಾ ಇದೆ. ಕ್ರಿ.ಶ. ಮೊದಲ ಶತಮಾನದ ಕೊನೆಯಲ್ಲಿ ಕಟ್ಟಿದ್ದು, ಸುಮಾರು 20,000 ಜನ ಕೂರುತ್ತಿದ್ದರಂತೆ. ನನಗೆ ಅದರ ಆಮೇಲಿನ ಕಥೆ ಹೆಚ್ಚು ಇಷ್ಟ. ರೋಮ್ ಬಿದ್ದಮೇಲೆ ದಾಳಿಗಳಿಗೆ ಹೆದರಿದ ಊರಿನವರು ಈ ಅರೆನಾವನ್ನೇ ಕೋಟೆ ಮಾಡಿಕೊಂಡರು. ಕಾವಲು ಗೋಪುರ ಎಬ್ಬಿಸಿದರು. ಒಳಗೆ ಇನ್ನೂರಕ್ಕೂ ಹೆಚ್ಚು ಮನೆ, ಎರಡು ಪ್ರಾರ್ಥನಾ ಮಂದಿರ ಆದವು. 19ನೇ ಶತಮಾನದಲ್ಲಿ ಮನೆಗಳನ್ನು ತೆಗೆಸುವವರೆಗೂ ಜನ ಅಲ್ಲೇ ಸಂಸಾರ ಮಾಡಿಕೊಂಡಿದ್ದರು. ಆ ಗೋಪುರಗಳಲ್ಲಿ ಮೂರು ಇನ್ನೂ ನಿಂತಿವೆ. ಒಂದರ ಮೇಲೆ ಹತ್ತಿ ಊರಿನ ಹೆಂಚುಗಳನ್ನು ನೋಡಿ.

ಅರೆನಾದಲ್ಲಿ ಈಗಲೂ ಗೂಳಿ ಆಟ ನಡೆಯುತ್ತದೆ. ಟಿಕೆಟ್ ತೆಗೆಯುವ ಮುಂಚೆ ಬೋರ್ಡ್ ಓದಿ. ಕೂರ್ಸ್ ಕಾಮಾರ್ಗೇಜ್ ಅಂತ ಇದ್ದರೆ ಹುಡುಗರು ಗೂಳಿಯ ಕೊಂಬಿಗೆ ಕಟ್ಟಿದ ರಿಬ್ಬನ್ ಕಿತ್ತುಕೊಳ್ಳುತ್ತಾರೆ, ಗೂಳಿ ಜೀವಂತ ಮನೆಗೆ ಹೋಗುತ್ತದೆ. ಕೊರಿಡಾ ಅಂತ ಇದ್ದರೆ ಕಣ್ಣೆದುರೇ ಕೊಲ್ಲುತ್ತಾರೆ. ಮಕ್ಕಳ ಜೊತೆ ಹೋಗುವವರು ಇದನ್ನು ತಿಳಿದೇ ಹೋಗಬೇಕು.

ಆರ್ಲ್ ಅಂದರೆ ವ್ಯಾನ್ ಗೋ. 1888ರ ಫೆಬ್ರವರಿಯಲ್ಲಿ ಬಂದವನು ಮರುವರ್ಷದ ಮೇ ತಿಂಗಳವರೆಗೆ ಇಲ್ಲಿದ್ದ. ಅಷ್ಟರಲ್ಲೇ ಮುನ್ನೂರಕ್ಕೂ ಹೆಚ್ಚು ಚಿತ್ರ, ರೇಖಾಚಿತ್ರ ಬರೆದ. ಅವನ ಚಿತ್ರಗಳ ಸಂಗ್ರಹ ಇಲ್ಲಿರುತ್ತದೆ ಅಂದುಕೊಂಡು ಹೋಗಬೇಡಿ. ಅವನ ಹೆಸರಿನ ಫೌಂಡೇಶನ್‌ನಲ್ಲಿ ಬೇರೆ ಕಡೆಯಿಂದ ಎರವಲು ತಂದ ಕೆಲವು ಚಿತ್ರ ಇದ್ದರೆ ಇತ್ತು. ಅವನಿದ್ದ ಹಳದಿ ಮನೆ 1944ರ ಬಾಂಬ್ ದಾಳಿಯಲ್ಲಿ ಹೋಯಿತು. ಆದರೆ ಅವನು ನಿಂತು ಬರೆದ ಜಾಗಗಳಲ್ಲಿ ಆಯಾ ಚಿತ್ರದ ಫಲಕ ನಿಲ್ಲಿಸಿದ್ದಾರೆ. ಅವನನ್ನು ಸೇರಿಸಿದ್ದ ಆಸ್ಪತ್ರೆಯ ಅಂಗಳದಲ್ಲಿ ಅವನ ಚಿತ್ರದಲ್ಲಿದ್ದ ಹಾಗೇ ಹೂಗಿಡ ಬೆಳೆಸಿದ್ದಾರೆ. ಆ ಅಂಗಳಕ್ಕೆ ಟಿಕೆಟ್ ಇಲ್ಲ. ರೋನ್ ದಂಡೆಯಲ್ಲಿ ನಕ್ಷತ್ರದ ರಾತ್ರಿ ಬರೆದ ಜಾಗ ರೈಲು ನಿಲ್ದಾಣಕ್ಕೆ ಹತ್ತಿರವೇ ಇದೆ. ಕತ್ತಲಾಗುವವರೆಗೆ ಉಳಿದು ನೋಡುವುದಾದರೆ ವಾಪಸ್ ರೈಲಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ.

ಇನ್ನೊಂದು ದಿನ ಪೋಂ ದ್ಯು ಗಾರ್. ಇದೊಂದನ್ನು ಮಾತ್ರ ಯಾರೂ ಬಿಡಬಾರದು. ಗಾರ್ದೋಂ ನದಿಯ ಮೇಲೆ ಮೂರು ಅಂತಸ್ತಿನ ಕಲ್ಲಿನ ಸೇತುವೆ, ಎತ್ತರ ಸುಮಾರು 49 ಮೀಟರ್, ಕಟ್ಟಿದ್ದು ಮೊದಲ ಶತಮಾನದಲ್ಲಿ. ಫೋಟೋದಲ್ಲಿ ಎಲ್ಲರೂ ನೋಡಿರುತ್ತೀರಿ. ಆದರೆ ಇದು ಜನ ದಾಟುವುದಕ್ಕೆ ಕಟ್ಟಿದ್ದಲ್ಲ, ನೀರು ದಾಟುವುದಕ್ಕೆ. ಯುಜೆಸ್ ಹತ್ತಿರದ ಬುಗ್ಗೆಯ ನೀರು ನೀಮ್ ಪಟ್ಟಣಕ್ಕೆ ಹೋಗಬೇಕಿತ್ತು. ಗುಡ್ಡ ಬಳಸಿಕೊಂಡು ಹೋದ ಕಾಲುವೆಯ ಉದ್ದ ಸುಮಾರು 50 ಕಿಲೋಮೀಟರ್. ಅಷ್ಟು ಉದ್ದಕ್ಕೂ ಸಿಕ್ಕ ಇಳಿಜಾರು ಬರೀ 12–13 ಮೀಟರ್. ಅಂದರೆ ಒಂದು ಕಿಲೋಮೀಟರಿಗೆ ಸರಾಸರಿ ಒಂದು ಗೇಣು! ಪಂಪಿಲ್ಲ, ಏನಿಲ್ಲ. ನೀರು ತಾನಾಗೇ ಹರಿದು ಊರು ಸೇರಬೇಕು. ಅಳತೆ ಒಂದಿಷ್ಟು ತಪ್ಪಿದ್ದರೂ ನಡುವೆಯೇ ನಿಂತುಬಿಡುತ್ತಿತ್ತು.

ಹತ್ತಿರ ಹೋಗಿ ಕಲ್ಲುಗಳನ್ನು ನೋಡಿ. ಕೆಳಗಿನ ದೊಡ್ಡ ಕಮಾನುಗಳಲ್ಲಿ ಗಾರೆಯೇ ಇಲ್ಲ. ಟನ್‌ಗಟ್ಟಲೆ ತೂಕದ ಕಲ್ಲನ್ನು ಕಡಿದು, ಕಲ್ಲಿಗೆ ಕಲ್ಲು ಕೂರಿಸಿದ್ದಾರೆ. ಗೋಡೆಯಿಂದ ಅಲ್ಲಲ್ಲಿ ಕಲ್ಲುಗಳು ಮೂಗಿನ ಹಾಗೆ ಮುಂದಕ್ಕೆ ಚಾಚಿಕೊಂಡಿವೆ. ಅಲಂಕಾರಕ್ಕಲ್ಲ, ಕಟ್ಟುವಾಗ ಸಾರುವೆ ನಿಲ್ಲಿಸುವುದಕ್ಕೆ ಬಿಟ್ಟಿದ್ದು. ಆಮೇಲೆ ರಿಪೇರಿಗೆ ಬೇಕಾಗಬಹುದು ಅಂತ ಕಡಿದು ಹಾಕದೆ ಹಾಗೇ ಉಳಿಸಿದ್ದಾರೆ. ನಾವೀಗ ನಡೆಯುವುದು ಪಕ್ಕಕ್ಕೇ ಸೇರಿಸಿ 18ನೇ ಶತಮಾನದಲ್ಲಿ ಕಟ್ಟಿದ ರಸ್ತೆ ಸೇತುವೆಯ ಮೇಲೆ, ಆದ್ದರಿಂದ ಈ ಕಲ್ಲುಗಳು ಕೈಗೆ ಸಿಗುವಷ್ಟು ಹತ್ತಿರ. ಮ್ಯೂಸಿಯಂ ತಪ್ಪಿಸಬೇಡಿ. ಬೇಸಿಗೆಯಲ್ಲಿ ಜನ ಕೆಳಗೆ ನದಿಯಲ್ಲಿ ಈಜುತ್ತಾರೆ, ಟವಲ್ ಇಟ್ಟುಕೊಂಡು ಹೋಗಿ. ಅವಿನ್ಯೋಂನಿಂದ ಬಸ್ ಇದೆ, ಆದರೆ ದಿನಕ್ಕೆ ಕೆಲವೇ ಕೆಲವು, ಭಾನುವಾರ ಇನ್ನೂ ಕಡಿಮೆ. ಹೋಗುವ ಬಸ್‌ಗಿಂತ ಬರುವ ಬಸ್ಸಿನ ಸಮಯ ಮೊದಲು ನೋಡಿ.

ಭಾನುವಾರ ಲೀಲ್ ಸುರ್ ಲಾ ಸೋರ್ಗ್ ಅನ್ನುವ ಊರಿಗೆ ಹೋಗಿ. ರೈಲಿನಲ್ಲಿ ಅರ್ಧ ಗಂಟೆ. ಊರ ತುಂಬ ನೀರಿನ ಕಾಲುವೆಗಳು, ಪಾಚಿ ಕಟ್ಟಿದ ದೊಡ್ಡ ಮರದ ಚಕ್ರಗಳು. ಭಾನುವಾರದ ಸಂತೆಗೆ ಸುತ್ತಲಿನ ಊರುಗಳೆಲ್ಲ ಬರುತ್ತವೆ, ಹಳೇ ಸಾಮಾನಿನ ಅಂಗಡಿಗಳೂ ತೆರೆದಿರುತ್ತವೆ. ಮಧ್ಯಾಹ್ನ ಒಂದು ಗಂಟೆ ದಾಟಿದರೆ ಗಾಡಿಗಳು ಎದ್ದುಬಿಡುತ್ತವೆ, ಬೆಳಿಗ್ಗೆಯೇ ಹೊರಡಿ. ಆಲಿವ್, ಆಡಿನ ಹಾಲಿನ ಚೀಸ್, ಬ್ರೆಡ್, ಹಣ್ಣು ಕಟ್ಟಿಸಿಕೊಂಡು ನೀರಿನ ಪಕ್ಕ ಕೂತರೆ ಊಟ ಆಯಿತು. ಅಲ್ಲಿಂದ ಏಳು ಕಿಲೋಮೀಟರ್ ದೂರದ ಫೋಂತೆನ್ ದ ವೊಕ್ಲ್ಯೂಸ್‌ನಲ್ಲಿ ಈ ಊರಿನ ಸೋರ್ಗ್ ನದಿ ಬಂಡೆಯ ಬುಡದ ಬುಗ್ಗೆಯಿಂದ ಹುಟ್ಟುತ್ತದೆ. ಆ ಬುಗ್ಗೆಯ ಆಳ ನೋಡಲು 1985ರಲ್ಲಿ ಕಳಿಸಿದ ಯಂತ್ರ 308 ಮೀಟರ್ ಆಳಕ್ಕೆ ಇಳಿಯಿತು. ಜೋರು ಮಳೆಯಾದ ಮೇಲೆ, ವಸಂತದಲ್ಲಿ ನೀರು ಉಕ್ಕಿ ಹರಿಯುತ್ತದೆ. ಆಗಸ್ಟ್‌ನಲ್ಲಿ ಹೋದರೆ ಗುಹೆಯ ಒಳಗೆ ಹಸಿರು ಮಡು ಮಾತ್ರ.

ಶನಿವಾರ ಆರ್ಲ್‌ನಲ್ಲೂ ದೊಡ್ಡ ಸಂತೆ ಇರುತ್ತದೆ. ಅದಕ್ಕೇ ನಿಮ್ಮ ನಾಲ್ಕೈದು ದಿನದಲ್ಲಿ ಶನಿವಾರ, ಭಾನುವಾರ ಬರುವ ಹಾಗೆ ಹೊಂದಿಸಿ. ಪೋಂ ದ್ಯು ಗಾರ್ ವಾರದ ದಿನಕ್ಕೆ ಇರಲಿ. ಸೋಮವಾರ ಅಂಗಡಿ, ಊಟದ ಹೋಟೆಲ್ ಬಹಳಷ್ಟು ಮುಚ್ಚಿರುತ್ತವೆ. ಅವತ್ತು ಪೋಪ್ ಅರಮನೆ ಇಟ್ಟುಕೊಳ್ಳಿ.

ಲ್ಯಾವೆಂಡರ್ ಬಗ್ಗೆ ಕೇಳದವರೇ ಇಲ್ಲ. ಅದು ಅರಳುವುದು ಜೂನ್ ನಡುವಿನಿಂದ ಜುಲೈ ನಡುವಿನವರೆಗೆ. ಎತ್ತರದ ಸೋ ಊರಿನ ಕಡೆ ಇನ್ನೂ ಸ್ವಲ್ಪ ದಿನ ಇರುತ್ತದೆ. ಮೇ ತಿಂಗಳಿಗೆ ಟಿಕೆಟ್ ಮಾಡಿಸಿದ್ದರೆ ನೇರಳೆ ಹೊಲದ ಆಸೆ ಬಿಟ್ಟುಬಿಡಿ. ಕೆಂಪು ಪಾಪಿ ಹೂ ಸಿಗಬಹುದು. ಸೆನಾಂಕ್ ಮಠ, ಗೋರ್ಡ್, ಕಾವಿಮಣ್ಣಿನ ಊರಾದ ರೂಸಿಯೋಂ, ಇವು ಲ್ಯುಬೆರೋಂ ಬೆಟ್ಟದ ಕಡೆ ಇವೆ. ಬಸ್ ನಂಬಿ ಹೋಗುವ ಜಾಗಗಳಲ್ಲ. ಅವಿನ್ಯೋಂನಿಂದ ಹೊರಡುವ ಮಿನಿಬಸ್ ಟೂರ್ ಹಿಡಿಯಿರಿ, ಇಲ್ಲವೇ ಒಂದು ದಿನಕ್ಕೆ ಕಾರು ಬಾಡಿಗೆಗೆ ತೆಗೆದುಕೊಳ್ಳಿ. ಇಂಟರ್‌ನ್ಯಾಷನಲ್ ಲೈಸೆನ್ಸ್ ಊರಿಂದಲೇ ಮಾಡಿಸಿಕೊಂಡು ಬನ್ನಿ. ಹೊಲದ ಅಂಚಿನಲ್ಲಿ ನಿಂತು ಫೋಟೋ ತೆಗೆಯಿರಿ. ಗಿಡ ತುಳಿಯಬೇಡಿ, ಅದು ಒಬ್ಬ ರೈತನ ವರ್ಷದ ಬೆಳೆ.

ಐದನೇ ದಿನ ಇದ್ದರೆ ಮಾರ್ಸೇ. ಟಿಜಿವಿಯಲ್ಲಿ ಅರ್ಧ ಗಂಟೆ ಚಿಲ್ಲರೆ. ಹಳೇ ಬಂದರು, ಗುಡ್ಡದ ಮೇಲಿನ ಚರ್ಚು, ಸಮುದ್ರ ಮೂರೂ ಒಂದೇ ದಿನದಲ್ಲಿ ಆಗುತ್ತವೆ. 1914ರ ಸೆಪ್ಟೆಂಬರ್ ಕೊನೆಯಲ್ಲಿ ಮೊದಲ ಮಹಾಯುದ್ಧಕ್ಕೆ ಬಂದ ಭಾರತದ ಸೈನಿಕರು ಇಳಿದದ್ದು ಮಾರ್ಸೇಯಲ್ಲೇ. ಮಾಜಾರ್ಗ್ ಬಡಾವಣೆಯ ಯುದ್ಧ ಸ್ಮಶಾನದಲ್ಲಿ ಅವರ ಸ್ಮಾರಕ ಇದೆ. ನಮ್ಮವರು ಅಲ್ಲಿಗೂ ಒಂದು ಗಳಿಗೆ ಹೋಗಿ ಬರಬೇಕು ಅಂತ ನನ್ನ ಆಸೆ.

ಊಟದ ವಿಷಯ. ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ತಿನ್ನಬೇಕು. ಆಮೇಲೆ ಅಡುಗೆಮನೆ ಮುಚ್ಚುತ್ತಾರೆ, ರಾತ್ರಿ ಏಳೂವರೆವರೆಗೆ ಊಟ ಸಿಗುವುದು ಕಷ್ಟ. ಅಪ್ಪ ಅಮ್ಮ ಜೊತೆಗಿದ್ದರೆ ಇದನ್ನು ಗಟ್ಟಿಯಾಗಿ ನೆನಪಿಡಿ. ಸಸ್ಯಾಹಾರಿಗಳಿಗೆ ತರಕಾರಿ ಬೇಯಿಸಿ ಮಾಡುವ ರಾಟಟೂಯಿ ಸಿಗುತ್ತದೆ. ಬೇಸಿಗೆಯಲ್ಲಿ ಹುರುಳಿಕಾಯಿ, ತರಕಾರಿ ಹಾಕಿ ಮಾಡುವ ಪಿಸ್ತೂ ಸೂಪ್ ಇರುತ್ತದೆ, ಅದಕ್ಕೆ ಮಾಂಸ ಹಾಕಿದ್ದಾರಾ ಅಂತ ಕೇಳಿ. ಬ್ರೆಡ್ ಮೇಲೆ ಸವರುವ ಕಪ್ಪು ತಾಪೆನಾದ್ ಆಲಿವ್‌ನದ್ದೇ, ಆದರೆ ಸಾಮಾನ್ಯವಾಗಿ ಅದರಲ್ಲಿ ಸಣ್ಣ ಮೀನು ಅರೆದಿರುತ್ತದೆ. ಎಲ್ಲಿಗೆ ಹೋದರೂ ಮೊದಲು "ಬೋಂಜೂರ್" ಅನ್ನಿ. ಅದನ್ನು ಹೇಳದೆ ನೇರ ವಿಷಯಕ್ಕೆ ಬಂದರೆ ಅಲ್ಲಿನವರಿಗೆ ಅದು ಒರಟುತನ.

ಯಾವ ತಿಂಗಳು? ಮೇ, ಜೂನ್, ಸೆಪ್ಟೆಂಬರ್. ಆಗಸ್ಟ್‌ನಲ್ಲಿ ಬಿಸಿಲೂ ಜನವೂ ಜಾಸ್ತಿ. ಯಾವ ತಿಂಗಳಾದರೂ ಒಂದು ಗಾಳಿ ತಡೆಯುವ ಜಾಕೆಟ್ ಇರಲಿ. ಉತ್ತರದಿಂದ ರೋನ್ ಕಣಿವೆ ಹಿಡಿದು ಬರುವ ಮಿಸ್ತ್ರಾಲ್ ಗಾಳಿ ಬೀಸಿದರೆ ಆಕಾಶ ಶುಭ್ರ, ಆದರೆ ಟೋಪಿ ತಲೆ ಮೇಲೆ ನಿಲ್ಲಲ್ಲ.

ಭಾರತದಿಂದ ಬರುವವರು ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚೆಯಿಂದಲೇ ಅರ್ಜಿ ಹಾಕಬಹುದು, ಕೊನೇ ಗಳಿಗೆವರೆಗೆ ಕಾಯಬೇಡಿ. ಕನಿಷ್ಠ 30,000 ಯೂರೋ ರಕ್ಷಣೆ ಇರುವ ಪ್ರಯಾಣ ವಿಮೆ ಬೇಕೇ ಬೇಕು. ಇನ್ನು ವಾಪಸ್ ವಿಮಾನ ಪ್ಯಾರಿಸ್‌ನ ಶಾರ್ಲ್ ದ ಗೋಲ್‌ನಿಂದ ಇದ್ದರೆ ಪ್ಯಾರಿಸ್ ನಗರದೊಳಗೆ ಮತ್ತೆ ಹೋಗಬೇಕಾಗಿಲ್ಲ. ಅವಿನ್ಯೋಂ ಟಿಜಿವಿ ನಿಲ್ದಾಣದಿಂದ ಏರ್‌ಪೋರ್ಟಿಗೇ ನೇರ ರೈಲು ಇದೆ, ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು. ಟಿಕೆಟ್ ತೆಗೆಯುವಾಗ ಇಳಿಯುವ ನಿಲ್ದಾಣ ಏರ್‌ಪೋರ್ಟ್ ಅಂತಲೇ ಹಾಕಿ. ರೈಲು ಮುಷ್ಕರ ಅಲ್ಲಿ ಅಪರೂಪವಲ್ಲ, ಆದ್ದರಿಂದ ರೈಲಿಗೂ ವಿಮಾನಕ್ಕೂ ನಡುವೆ ನಾಲ್ಕೈದು ಗಂಟೆ ಬಿಡಿ. ಬೆಳಗಿನ ವಿಮಾನ ಇದ್ದರೆ ಹಿಂದಿನ ಸಂಜೆಯೇ ಹೊರಟು ಏರ್‌ಪೋರ್ಟ್ ಹತ್ತಿರ ಉಳಿಯಿರಿ.